ಚಪ್ಪಟೆ ಪಿಸ್ತೂಲ್ ಕೈಯಲ್ಲಿ ಹಿಡಿದು ವಾಪಸ್ ಇಟ್ಟ ದಿನ

ಹುಬ್ಬಳ್ಳಿಯ ಕೋವಿ ಅಂಗಡಿಯಲ್ಲಿ 32 ಬೋರಿನ (ಬೋರ್ ಅಂದರೆ ನಳಿಗೆಯ ಒಳ ಅಳತೆ) ಪಿಸ್ತೂಲನ್ನು ಮೊದಲ ಸಲ ಕೈಗೆ ತಗೊಂಡಾಗ ಇಷ್ಟು ಚಪ್ಪಟೆ ಇರುತ್ತದಾ ಅನಿಸಿತು. ಸೊಂಟಕ್ಕೆ ಸಿಕ್ಕಿಸಿ ಮೇಲೆ ಅಂಗಿ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ತಿಂಗಳುಗಟ್ಟಲೆ ಮನಸ್ಸಿನಲ್ಲಿ ಕೂತಿದ್ದದ್ದು ಅದೇ. ಲೈಸೆನ್ಸ್ ಕಿಸೆಯಲ್ಲಿತ್ತು, ದುಡ್ಡೂ ಹೊಂದಿಸಿಕೊಂಡಿದ್ದೆ. ಆದರೂ ಅವತ್ತು ಅದನ್ನು ಕೊಳ್ಳಲಿಲ್ಲ. ನಮ್ಮ ಕಡೆ ಇನ್ನೂ ಕೆಲವರು ಇದೇ ಯೋಚನೆಯಲ್ಲಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಶಿರಸಿ ಹತ್ತಿರ ಅಡಿಕೆ ತೋಟ. ಜೊತೆಗೆ ಅಡಿಕೆ, ಕಾಳುಮೆಣಸಿನ ವ್ಯಾಪಾರ. ಘಟ್ಟದ ಕೆಳಗೆ ಕುಮಟಾ, ಅಂಕೋಲಾ ಕಡೆಯ ಹಳ್ಳಿಗಳಿಗೆ ಹೋಗಿ ಮಾಲು ಹಿಡಿಯುತ್ತೇನೆ. ಆಗೆಲ್ಲ ರೊಕ್ಕ ಅಲ್ಲೇ ಎಣಿಸಿ ಕೊಡಬೇಕಿತ್ತು. 2018ರ ಚಳಿಗಾಲದಲ್ಲಿ ಒಂದು ರಾತ್ರಿ ದೇವಿಮನೆ ಘಟ್ಟದ ತಿರುವಿನಲ್ಲಿ ಇಬ್ಬರು ಬೈಕ್ ಅಡ್ಡ ಇಟ್ಟು ನಿಲ್ಲಿಸಿದರು. ಹಿಂದಿನಿಂದ ಲಾರಿಯ ಬೆಳಕು ಬಂತು, ಓಡಿಹೋದರು. ನನಗೆ ಏನೂ ಆಗಲಿಲ್ಲ. ಆದರೆ ಮನೆಗೆ ಬಂದು ಕಾರಿನ ಬಾಗಿಲು ತೆಗೆಯಲು ಹೋದರೆ ಕೈ ನಿಲ್ಲುತ್ತಿರಲಿಲ್ಲ. ಮರುದಿನ ಕೊಟ್ಟ ದೂರಿನ ಪ್ರತಿಯೇ ಮುಂದೆ ನನ್ನ ಅರ್ಜಿಗೆ ಆಧಾರವಾಯಿತು.

ಅರ್ಜಿಯ ಕಥೆ ಉದ್ದ ಮಾಡುವುದಿಲ್ಲ. ಪೊಲೀಸ್ ವರದಿ, ತರಬೇತಿ ಸರ್ಟಿಫಿಕೇಟ್, ಕಾರವಾರದ ಡಿಸಿ ಆಫೀಸಿಗೆ ಓಡಾಟ, ನಡುವೆ ಕೊರೋನಾ. ಲೈಸೆನ್ಸ್ ಕೈಗೆ ಬಂದದ್ದು 2022ರಲ್ಲಿ. ಮೊದಲು ಮೂರು ವರ್ಷಕ್ಕೊಮ್ಮೆ ನವೀಕರಣ ಇತ್ತು, 2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಐದು ವರ್ಷ. ಅದೇ ತಿದ್ದುಪಡಿಯಲ್ಲಿ ಒಬ್ಬರ ಹೆಸರಲ್ಲಿ ಮೂರರ ಬದಲು ಎರಡೇ ಬಂದೂಕು ಅಂತಾಯಿತು. ಇದು ನನಗೆ ಮುಖ್ಯ. ಅಪ್ಪಯ್ಯನಿಗೆ 70 ದಾಟಿದ ಮೇಲೆ ಅವರ ಒಂಟಿ ನಳಿಗೆಯ ತೋಟೆ ಕೋವಿಯನ್ನು ನನ್ನ ಹೆಸರಿಗೆ ಮಾಡಿಕೊಂಡಿದ್ದೆವು. 2016ರ ನಿಯಮದಲ್ಲಿ ಅದಕ್ಕೆ ದಾರಿ ಇದೆ. ಹಾಗಾಗಿ ನನಗೆ ಉಳಿದದ್ದು ಒಂದೇ ಜಾಗ. ತಪ್ಪಿ ಕೊಂಡರೆ, ಇರಲಿ ಇನ್ನೊಂದು ಅನ್ನುವ ಹಾಗಿಲ್ಲ.

ಸಿನಿಮಾದಲ್ಲಿ ನೋಡುವ 9 ಎಂಎಂ ನಮ್ಮಂಥವರಿಗೆ ಇಲ್ಲ, ಅದು ನಿಷೇಧಿತ ಬೋರ್. ಹೊರದೇಶದಿಂದ ತರಿಸುವುದು 1980ರ ದಶಕದಿಂದಲೇ ನಿಂತಿದೆ. ಹಳೆಯ ವಿದೇಶಿ ಪಿಸ್ತೂಲ್ ಯಾರದ್ದೋ ಮನೆಯಿಂದ ಮಾರಾಟಕ್ಕೆ ಬಂದರೆ ರೇಟು ಕೇಳಲಿಕ್ಕಿಲ್ಲ. ಇನ್ನು ಸರ್ಕಾರಿ ಕಾರ್ಖಾನೆಯ ಮಾಲು. ಇಶಾಪುರದ 'ಅಶನಿ' ಪಿಸ್ತೂಲ್, ಇಲ್ಲದಿದ್ದರೆ ಕಾನ್ಪುರದ ರಿವಾಲ್ವರ್. ಎರಡನ್ನೂ ಜನ 32 ಅಂತಲೇ ಕರೆಯುತ್ತಾರೆ. ಆದರೆ ಗುಂಡು ಬೇರೆ ಬೇರೆ. ಪಿಸ್ತೂಲಿನ ಗುಂಡು ಗಿಡ್ಡ, ರಿವಾಲ್ವರಿನದ್ದು ಉದ್ದ, ಹಿಂಬದಿಗೆ ಅಂಚು ಇರುತ್ತದೆ. ಖರೀದಿ ಮಾಡುವಾಗ ಇದನ್ನು ಬಿಡಿಸಿ ಹೇಳಿ.

ಅಂಗಡಿಗೆ ಭಾವನನ್ನು ಕರೆದುಕೊಂಡು ಹೋಗಿದ್ದೆ. ಸೈನ್ಯದಲ್ಲಿದ್ದು ನಿವೃತ್ತಿಯಾಗಿ ಬಂದವರು. ಅವರು ಅಂಗಡಿಯವರ ಹತ್ತಿರ ಒಂದು ಡಮ್ಮಿ ಗುಂಡು ಕೇಳಿ ಪಡೆದು, ನನಗೆ ಬೆನ್ನು ಮಾಡಿ ಪಿಸ್ತೂಲಿನಲ್ಲಿ ಏನೋ ಮಾಡಿದರು. ಆಮೇಲೆ ನನ್ನ ಎದುರು ಹಿಡಿಯಿಂದ ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ಎಳೆದು ಗಾಜಿನ ಮೇಜಿನ ಮೇಲೆ ಇಟ್ಟರು.

"ಭಾವ, ಈಗ ಇದು ಖಾಲಿ ಆತಾ?" ಅಂತ ನನ್ನನ್ನು ಕೇಳಿದರು.

ಆಯಿತಲ್ಲ ಅಂದೆ. ಅವರು ನಳಿಗೆಯನ್ನು ಗೋಡೆ ಕಡೆ ಹಿಡಿದು ಸ್ಲೈಡ್, ಅಂದರೆ ಪಿಸ್ತೂಲಿನ ಮೇಲಿನ ಜಾರುವ ಭಾಗ, ಹಿಂದಕ್ಕೆ ಎಳೆದರು. ಒಳಗಿದ್ದ ಡಮ್ಮಿ ಗುಂಡು ಟಣ್ ಅಂತ ಗಾಜಿನ ಮೇಲೆ ಬಿದ್ದು ಉರುಳಿತು.

ನನ್ನ ಮಗಳಿಗೆ ಆಗ ಒಂಬತ್ತು ವರ್ಷ. ಆ ಶಬ್ದ ಕೇಳಿ ನೆನಪಾದದ್ದು ಅವಳೇ. ಪಿಸ್ತೂಲಿನಲ್ಲಿ ಒಂದು ಗುಂಡು ಹಾರಿದ ಬಲಕ್ಕೆ ಸ್ಲೈಡ್ ಹಿಂದೆ ಸರಿದು ಖಾಲಿಯಾದದ್ದನ್ನು ಹೊರಗೆ ಎಸೆಯುತ್ತದೆ, ಮುಂದೆ ಬರುವಾಗ ಮ್ಯಾಗಜೀನಿನಿಂದ ಹೊಸದನ್ನು ಒಳಗೆ ಎಳೆದುಕೊಳ್ಳುತ್ತದೆ. ಪ್ರತಿ ಗುಂಡಿಗೂ ಟ್ರಿಗರ್ ಮತ್ತೆ ಎಳೆಯಬೇಕು. ಆದರೆ ಗುಂಡು ತುಂಬಿಕೊಳ್ಳುವ ಕೆಲಸ ಅದೇ ಮಾಡಿಕೊಳ್ಳುತ್ತದೆ. ಅನುಕೂಲ ಹೌದು. ಮ್ಯಾಗಜೀನ್ ತೆಗೆದರೂ ಒಳಗೊಂದು ಉಳಿದಿರಬಹುದು, ಅದೇ ಅಪಾಯ. ದಿನಾ ಪಳಗಿದ ಕೈಗೆ ಇದು ದೊಡ್ಡದಲ್ಲ. ವರ್ಷಕ್ಕೆ ನಾಲ್ಕು ಸಲ ಮುಟ್ಟುವ ನನ್ನಂಥವನಿಗೆ ದೊಡ್ಡದೇ.

ಪಿಸ್ತೂಲ್ ಬೇಡ ಅನಿಸಲು ಎರಡನೆಯ ಕಾರಣ ನಮ್ಮ ಮಳೆಗಾಲ. ಅಪ್ಪಯ್ಯನ ಕಾಲದಲ್ಲಿ ಕಾಗದದ ತೋಟೆ ಇತ್ತು. ಆಷಾಢದ ಹೊತ್ತಿಗೆ ಅದು ತಂಡಿಗೆ ಉಬ್ಬಿ ನಳಿಗೆಯೊಳಗೆ ಹೋಗುತ್ತಲೇ ಇರಲಿಲ್ಲ. ಬಿಸ್ಕತ್ ಡಬ್ಬಿಯಲ್ಲಿ ಸುತ್ತಿಟ್ಟರೂ ಅಷ್ಟೇ. ಈಗಿನ ಹಿತ್ತಾಳೆ ಗುಂಡು ಹಾಗೆ ಉಬ್ಬುವುದಿಲ್ಲ. ಆದರೆ ವರ್ಷಗಟ್ಟಲೆ ತಂಡಿಯಲ್ಲಿ ಇಟ್ಟರೆ ಯಾವುದೋ ಒಂದು ಸಿಡಿಯದೇ ಹೋಗಬಹುದು. ಪಿಸ್ತೂಲಿನಲ್ಲಿ ಒಂದು ಗುಂಡು ಹಾರದಿದ್ದರೆ ಸ್ಲೈಡ್ ತಾನಾಗಿ ಸರಿಯುವುದಿಲ್ಲ. ಎರಡೂ ಕೈ ಬಳಸಿ ನಾವೇ ಎಳೆಯಬೇಕು. ಭಾವ ನನ್ನ ಕೈಗೆ ನೀರು ಚಿಮುಕಿಸಿ, "ಈಗ ಎಳೆ ನೋಡನ" ಅಂದರು. ಸ್ಪ್ರಿಂಗ್ ಬಿಗಿ, ಬೆರಳು ಜಾರಿತು. ಮೂರನೇ ಸಲಕ್ಕೆ ಬಂತು. ಘಟ್ಟದಲ್ಲಿ ಆ ರಾತ್ರಿ ನನ್ನ ಕೈ ಬೆವರಿನಿಂದ ಒದ್ದೆಯಾಗಿತ್ತು. ರಿವಾಲ್ವರಿನಲ್ಲಿ ಒಂದು ಹಾರದಿದ್ದರೆ ಮತ್ತೆ ಟ್ರಿಗರ್ ಎಳೆದರಾಯಿತು, ಉರುಳೆಯಲ್ಲಿ ಗುಂಡು ಕೂರುವ ಮುಂದಿನ ಮನೆ ತಿರುಗಿ ಬರುತ್ತದೆ. ಗುರಿ ಅಭ್ಯಾಸ ಮಾಡುವಾಗ ಮಾತ್ರ ಹಾಗೆ ಮಾಡಬಾರದು. ಗುರಿಯ ಕಡೆಗೇ ಹಿಡಿದು ಸ್ವಲ್ಪ ಹೊತ್ತು ಕಾಯಬೇಕು, ಕೆಲವೊಮ್ಮೆ ತಡವಾಗಿ ಸಿಡಿಯುತ್ತದೆ.

ಮೂರನೆಯದು ಅಭ್ಯಾಸ. ಪೊಲೀಸ್ ಇಲಾಖೆಯ ನಾಗರಿಕ ಬಂದೂಕು ತರಬೇತಿಯಲ್ಲಿ ಬೆಳಿಗ್ಗೆ ಬೇಗ ಎದ್ದು ಹೋಗಿ ಕಲಿತೆ, ಬಹಳ ಒಳ್ಳೆಯದಾಯಿತು. ಆದರೆ ಮೈದಾನದಲ್ಲಿ ಹೊಡೆದದ್ದು ಕೆಲವೇ ಗುಂಡು. ಆಮೇಲೆ ಮನಸ್ಸು ಬಂದಾಗ ಹೋಗಿ ಹೊಡೆಯುವ ರೇಂಜ್ ನನಗೆ ಹತ್ತಿರದಲ್ಲಿ ಇಲ್ಲ. ತೋಟದಲ್ಲಿ ಸುಮ್ನೆ ಹೊಡೆದು ನೋಡುವುದು ಲೈಸೆನ್ಸಿಗೂ ಕುತ್ತು, ಆಚೆ ಸೊಪ್ಪಿನ ಬೆಟ್ಟದಲ್ಲಿ ಇರುವವರ ಜೀವಕ್ಕೂ ಕುತ್ತು. ಚಿಕ್ಕ ಪಿಸ್ತೂಲಿಗೆ ಅಭ್ಯಾಸ ಜಾಸ್ತಿ ಬೇಕು. ನಳಿಗೆ ಗಿಡ್ಡ, ಗುರಿ ನೋಡಲು ಮೇಲೆ ಇರುವ ಮುಂದಿನ ಮತ್ತು ಹಿಂದಿನ ಗುರುತುಗಳ ನಡುವೆ ಅಂತರ ಕಡಿಮೆ, ಕೈ ಒಂದು ಕೂದಲೆಳೆ ಅಲುಗಿದರೂ ಗುಂಡು ಎಲ್ಲೋ ಹೋಗುತ್ತದೆ. ಮಣಿಕಟ್ಟು ಸಡಿಲ ಬಿಟ್ಟರೆ ಸ್ಲೈಡ್ ಪೂರ್ತಿ ಸರಿಯದೆ ಗುಂಡು ಸಿಕ್ಕಿಬೀಳುವುದೂ ಉಂಟು. ಹಗುರ ಇದ್ದಷ್ಟೂ ಒದೆ ಜಾಸ್ತಿ. 2014ರಲ್ಲಿ ಹೆಂಗಸರಿಗೆ ಅಂತ ಬಂದ 'ನಿರ್ಭೀಕ್' ರಿವಾಲ್ವರ್ ಅರ್ಧ ಕೇಜಿ, ಆಗಲೇ 1.22 ಲಕ್ಷ ರೂಪಾಯಿ. ಮನೆಯವಳಿಗೆ ಅದರ ಮೇಲೆ ಮನಸ್ಸಿತ್ತು. ನಾನು ಸ್ವಲ್ಪ ಭಾರದ್ದೇ ಇರಲಿ ಅಂದೆ.

ಎರಡು ವಾರ ಬಿಟ್ಟು ಹೋಗಿ ರಿವಾಲ್ವರ್ ಕೊಂಡೆ. ಕೊನೆಗೆ ಮನಸ್ಸು ಗಟ್ಟಿಯಾದದ್ದು ಒಂದು ಸಣ್ಣ ವಿಷಯಕ್ಕೆ. ಅದರ ಚಿಲಕ ಒತ್ತಿದರೆ ನಳಿಗೆ ಕೆಳಗೆ ಮಡಚಿಕೊಳ್ಳುತ್ತದೆ, ಆರೂ ಮನೆ ಕಣ್ಣೆದುರು ತೆರೆದುಕೊಳ್ಳುತ್ತವೆ. ಅಪ್ಪಯ್ಯನ ತೋಟೆ ಕೋವಿ ಮಡಚುವುದೂ ಹೀಗೇ. ಹತ್ತನೇ ತರಗತಿಯಿಂದ ನೋಡಿದ, ಮಾಡಿದ ಕೆಲಸ. ಖಾಲಿ ಇದೆಯಾ ಅಂತ ತಲೆ ಉತ್ತರ ಕೊಡುವ ಮೊದಲೇ ಕೈ ಮಡಚಿ ನೋಡಿರುತ್ತದೆ.

ರಿವಾಲ್ವರಿನಲ್ಲಿ ತೊಂದರೆ ಇಲ್ಲ ಅಂತಲ್ಲ. ನಡುವಿನ ಉರುಳೆ ದಪ್ಪ. ಕಾರಿನಲ್ಲಿ ಕೂತರೆ ಪಕ್ಕೆಗೆ ಒತ್ತುತ್ತದೆ, ಕುಮಟಾ ಮುಟ್ಟುವುದರೊಳಗೆ ಎರಡು ಸಲ ಸರಿ ಮಾಡಿಕೊಳ್ಳಬೇಕು. ಟ್ರಿಗರ್ ಬಿಗಿ. ಆರು ಮುಗಿದರೆ ಮತ್ತೆ ತುಂಬಲು ನಿಧಾನ, ಪಿಸ್ತೂಲಿನ ಹಾಗೆ ಮ್ಯಾಗಜೀನ್ ಬದಲಿಸಿ ಮುಂದುವರಿಯುವುದು ಆಗುವುದಿಲ್ಲ. ದಿನಾ ಸೊಂಟದಲ್ಲೇ ಇಟ್ಟು ಓಡಾಡುವವರಿಗೆ, ರೇಂಜ್ ಹತ್ತಿರ ಇರುವವರಿಗೆ ಪಿಸ್ತೂಲೇ ಸರಿ ಅಂತ ನಾನೂ ಹೇಳುತ್ತೇನೆ. ಮಂಗ, ಹಂದಿ ಕಾಟಕ್ಕೆ ಅಂತ ಕೇಳುವವರೂ ಇದ್ದಾರೆ. ಅದಕ್ಕೆ ಎರಡೂ ಬೇಡ. ಆತ್ಮರಕ್ಷಣೆಯ ಲೈಸೆನ್ಸ್ ಅದಕ್ಕಲ್ಲ, ಅನುಮತಿ ಇಲ್ಲದೆ ಹೊಡೆಯಲು ವನ್ಯಜೀವಿ ಕಾಯ್ದೆಯೂ ಬಿಡುವುದಿಲ್ಲ.

ಕೊಂಡ ವರ್ಷವೇ ಒಂದು ಪಾಠ ಆಯಿತು. ಜೂನ್‌ನಲ್ಲಿ ಕಾರವಾರಕ್ಕೆ ಹೋಗಿ ಬಂದವನು ದಣಿದಿದ್ದೆ, ಚರ್ಮದ ಚೀಲದ ಸಮೇತ ಹಾಗೇ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದೆ. ಹತ್ತು ದಿನ ಬಿಟ್ಟು ತೆಗೆದರೆ ಉರುಳೆಯ ಪಕ್ಕ ಕೆಂಪಗೆ ಒಂದು ಗುರುತು. ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ನನ್ನದೇ ಹೆಬ್ಬೆರಳು, ಗೆರೆ ಗೆರೆಯಾಗಿ ತುಕ್ಕಿನಲ್ಲಿ ಮೂಡಿತ್ತು. ಬೆವರಿನ ಉಪ್ಪು, ಸಮುದ್ರದ ಗಾಳಿ, ತಂಡಿ ಹೀರಿಕೊಂಡ ಚರ್ಮ, ಎಲ್ಲ ಸೇರಿ ಮಾಡಿದ ಕೆಲಸ. ಎಣ್ಣೆ ಹಚ್ಚಿ ತಿಕ್ಕಿದೆ, ಕೆಂಪು ಹೋಯಿತು, ಮಸುಕು ಕಲೆ ಈಗಲೂ ಇದೆ. ಅವತ್ತಿನಿಂದ ಚರ್ಮದ ಚೀಲದಲ್ಲಿ ಇಡುವುದು ಬಿಟ್ಟೆ. ಮುಟ್ಟಿದ ದಿನವೇ ಒಣ ಬಟ್ಟೆಯಲ್ಲಿ ಒರೆಸಿ, ತೆಳುವಾಗಿ ಎಣ್ಣೆ ಸವರಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಕಬ್ಬಿಣದ ಕಪಾಟಿನಲ್ಲಿ ಇಡುತ್ತೇನೆ. ಗುಂಡುಗಳಿಗೆ ಬೇರೆ ಬೀಗ. ಕೀಲಿ ನನ್ನ ಜನಿವಾರದಲ್ಲಿ.

ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಬೇಕು. 2023ರಲ್ಲಿ ವಿಧಾನಸಭೆ, 2024ರಲ್ಲಿ ಲೋಕಸಭೆ, ಎರಡು ವರ್ಷವೂ ಕೊಟ್ಟೆ. 2024ರಲ್ಲಿ ಎಣಿಕೆ ಆದದ್ದೇ ಜೂನ್ 4ಕ್ಕೆ. ವಾಪಸ್ ತರುವಾಗ ಜಿಟಿ ಜಿಟಿ ಮಳೆ. ಕೊಡುವ ಮೊದಲು ಎಣ್ಣೆ ಜಾಸ್ತಿಯೇ ಹಚ್ಚಿ, ಎಣ್ಣೆ ಕಾಗದದಲ್ಲಿ ಸುತ್ತಿ ಕೊಟ್ಟಿದ್ದರಿಂದ ಸ್ವಚ್ಛವಾಗಿ ಬಂತು.

ಇಷ್ಟರಲ್ಲಿ ವ್ಯಾಪಾರವೇ ಬದಲಾಗಿದೆ. ಅಂಕೋಲಾದ ಹಳ್ಳಿಯಲ್ಲೂ ಈಗ ಖಾತೆಗೇ ಹಾಕಿ ಅನ್ನುತ್ತಾರೆ. ರೊಕ್ಕದ ಚೀಲ ಇಟ್ಟುಕೊಂಡು ಘಟ್ಟ ಹತ್ತುವುದು ವರ್ಷಕ್ಕೆ ಒಂದೆರಡು ಸಲ ಮಾತ್ರ. 2027ಕ್ಕೆ ನವೀಕರಣ ಬರುತ್ತದೆ. ಮಾಡಿಸುವುದಾ ಬಿಡುವುದಾ ಅಂತ ಮನೆಯವಳ ಜೊತೆ ಕೂತು ಮಾತಾಡಬೇಕು.