ಕೋಡ್ ಎಡಿಟರ್‌ನಲ್ಲಿ ಕೀಬೋರ್ಡ್ ಶಾರ್ಟ್‌ಕಟ್‌ಗಳು: ನನ್ನ ಅನುಭವ

ನಾನು ಬಳಸುವ ಕೋಡ್ ಎಡಿಟರ್ ಆದ ವಿಎಸ್ ಕೋಡ್‌ನಲ್ಲಿ ನೂರಾರು ಶಾರ್ಟ್‌ಕಟ್‌ಗಳಿದ್ದರೂ ನನ್ನ ಕೆಲಸಕ್ಕೆ ನಿಜವಾದ ವೇಗ ತಂದುಕೊಟ್ಟವು ಕೋಡ್‌ನೊಳಗೆ ಓಡಾಡಲು ನೆರವಾಗುವ ಕೆಲವೇ ಕೆಲವು. ದಿನದ ಬಹುಪಾಲು ಸಮಯ ಈಗಾಗಲೇ ಇರುವ ಕೋಡನ್ನು ಹುಡುಕುವುದರಲ್ಲಿ, ಓದುವುದರಲ್ಲಿ ಮತ್ತು ಹೊರಟ ಜಾಗಕ್ಕೆ ಮರಳುವುದರಲ್ಲಿ ಕಳೆಯುವುದರಿಂದ ನಾನು ಕಲಿಕೆಯನ್ನು ಅಲ್ಲಿಂದಲೇ ಆರಂಭಿಸಿದೆ.

ಮೊದಲು ರೂಢಿಸಿಕೊಂಡದ್ದು ಕಂಟ್ರೋಲ್ + ಪಿ. ಫೋಲ್ಡರ್‌ಗಳನ್ನು ಒಂದೊಂದಾಗಿ ತೆರೆಯುತ್ತ ಹೋಗುವ ಬದಲು ಫೈಲ್ ಹೆಸರಿನ ಕೆಲವು ಅಕ್ಷರಗಳನ್ನು ಒತ್ತಿದರೆ ಸಾಕು. ಅವು ಹೆಸರಿನಲ್ಲಿ ಅಕ್ಕಪಕ್ಕದಲ್ಲೇ ಇರಬೇಕೆಂದೂ ಇಲ್ಲ. ಹೆಸರಿನ ನಂತರ ಕೋಲನ್ ಹಾಕಿ 120 ಎಂದು ಸೇರಿಸಿದರೆ ಕರ್ಸರ್ ನೇರವಾಗಿ 120ನೇ ಸಾಲಿಗೆ ಹೋಗುತ್ತದೆ. ಎರರ್ ಸಂದೇಶದಲ್ಲಿ ಸಾಲಿನ ಸಂಖ್ಯೆ ಕಂಡಾಗಲೆಲ್ಲ ನಾನು ಇದನ್ನೇ ಬಳಸುತ್ತೇನೆ. ಫಂಕ್ಷನ್ (ಒಂದು ನಿರ್ದಿಷ್ಟ ಕೆಲಸ ಮಾಡುವ ಕೋಡ್ ತುಣುಕು) ಒಂದರ ಮೂಲ ವ್ಯಾಖ್ಯೆಗೆ ಕರೆದೊಯ್ಯುವ ಎಫ್ 12 ಅನೇಕರಿಗೆ ಗೊತ್ತು. ಆದರೆ ಹಿಂದಿನ ಜಾಗಕ್ಕೆ ಮರಳಿಸುವ ಆಲ್ಟ್ + ಎಡಬಾಣವನ್ನೂ ಜೊತೆಗೇ ಕಲಿಯದಿದ್ದರೆ ಅದರ ಪ್ರಯೋಜನ ಅರ್ಧಕ್ಕೇ ನಿಲ್ಲುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ತಿದ್ದುವ ಕೆಲಸದಲ್ಲಿ ಕಂಟ್ರೋಲ್ + ಡಿ ಮತ್ತು ಎಫ್ 2 ನಡುವಿನ ವ್ಯತ್ಯಾಸವನ್ನು ಸ್ಪಷ್ಟವಾಗಿ ತಿಳಿದಿರಬೇಕು. ಬಿಲ್ ಲೆಕ್ಕ ಹಾಕುವ ಫಂಕ್ಷನ್‌ನಲ್ಲಿ ‘ಟೋಟಲ್’ ಎಂಬ ವೇರಿಯಬಲ್ (ಮೌಲ್ಯವೊಂದಕ್ಕೆ ಕೋಡ್‌ನಲ್ಲಿ ಕೊಟ್ಟ ಹೆಸರು) ಇದೆ ಎಂದುಕೊಳ್ಳಿ. ಅದರ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್ + ಡಿ ಒತ್ತಿದರೆ ಆ ಪದ ಆಯ್ಕೆಯಾಗುತ್ತದೆ. ಮತ್ತೆ ಮತ್ತೆ ಒತ್ತಿದಂತೆ ಮುಂದಿನ ‘ಟೋಟಲ್’ಗಳು ಒಂದೊಂದಾಗಿ ಸೇರಿಕೊಳ್ಳುತ್ತವೆ ಮತ್ತು ಎಲ್ಲವನ್ನೂ ಒಟ್ಟಿಗೆ ತಿದ್ದಬಹುದು. ಆದರೆ ಇದು ನೋಡುವುದು ಅಕ್ಷರಗಳನ್ನು ಮಾತ್ರವಾದ್ದರಿಂದ ಬಳಕೆದಾರರಿಗೆ ತೋರಿಸುವ ಸಂದೇಶದೊಳಗಿನ ‘ಟೋಟಲ್’ ಕೂಡ ಆಯ್ಕೆಯಾಗಿಬಿಡುತ್ತದೆ. ಅಂಥದ್ದು ಎದುರಾದಾಗ ಕಂಟ್ರೋಲ್ + ಕೆ, ಕಂಟ್ರೋಲ್ + ಡಿ ಒತ್ತಿ ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ. ಎಫ್ 2 ಹಾಗಲ್ಲ: ಪ್ರೋಗ್ರಾಮಿಂಗ್ ಭಾಷೆಯ ರಚನೆಯನ್ನು ಅರಿತು ಆ ವೇರಿಯಬಲ್‌ಗೆ ಸೇರಿದ ಜಾಗಗಳಲ್ಲಿ, ಅಗತ್ಯವಿದ್ದರೆ ಬೇರೆ ಫೈಲ್‌ಗಳಲ್ಲಿಯೂ, ಹೆಸರನ್ನು ಬದಲಿಸುತ್ತದೆ. ಹೆಸರು ಬದಲಿಸಲು ಎಫ್ 2, ಒಂದೇ ಬಗೆಯ ಸಾಲುಗಳನ್ನು ಒಟ್ಟಿಗೆ ತಿದ್ದಲು ಕಂಟ್ರೋಲ್ + ಡಿ ಎಂದು ನಾನು ಪಾಲು ಮಾಡಿಕೊಂಡಿದ್ದೇನೆ.

ಕಲಿಯಲು ಉದ್ದನೆಯ ಪಟ್ಟಿಗಳನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳಲಿಲ್ಲ. ಕಂಟ್ರೋಲ್ + ಶಿಫ್ಟ್ + ಪಿ ಒತ್ತಿ ಬೇಕಾದ ಆದೇಶವನ್ನು ಹುಡುಕಿದರೆ ಅದರ ಪಕ್ಕದಲ್ಲೇ ಶಾರ್ಟ್‌ಕಟ್ ಕಾಣುತ್ತದೆ. ಪದೇ ಪದೇ ಹುಡುಕಬೇಕಾಗಿ ಬಂದದ್ದನ್ನು ಮಾತ್ರ ಕಲಿತೆ, ಅದು ಕೈಗೆ ಹತ್ತುವವರೆಗೆ ಇನ್ನೊಂದನ್ನು ಮುಟ್ಟಲಿಲ್ಲ.

ಕೆಲವೊಮ್ಮೆ ಒತ್ತಿದ ಕೀಲಿಗಳು ಎಡಿಟರ್‌ಗೆ ತಲುಪುವುದೇ ಇಲ್ಲ. ವಿಂಡೋಸ್‌ನಲ್ಲಿ ಕೆಳಗಿನ ಸಾಲಿಗೂ ಕರ್ಸರ್ ಸೇರಿಸುವ ಕಂಟ್ರೋಲ್ + ಆಲ್ಟ್ + ಕೆಳಬಾಣವನ್ನು ಕೆಲವು ಹಳೆಯ ಲ್ಯಾಪ್‌ಟಾಪ್‌ಗಳ ಗ್ರಾಫಿಕ್ಸ್ ತಂತ್ರಾಂಶ ತಾನೇ ಹಿಡಿದುಕೊಂಡು ಪರದೆಯನ್ನು ತಲೆಕೆಳಗಾಗಿಸುತ್ತದೆ. ಆಗ ಆ ತಂತ್ರಾಂಶದ ಶಾರ್ಟ್‌ಕಟ್‌ಗಳನ್ನು ನಿಲ್ಲಿಸಬೇಕು, ಇಲ್ಲವೇ ಕಂಟ್ರೋಲ್ + ಕೆ, ಕಂಟ್ರೋಲ್ + ಎಸ್ ಒತ್ತಿದರೆ ತೆರೆಯುವ ಪಟ್ಟಿಯಲ್ಲಿ ಬೇರೆ ಕೀಲಿಗಳನ್ನು ಕೊಡಬೇಕು. ಮೇಲೆ ಹೇಳಿದವೆಲ್ಲ ವಿಂಡೋಸ್‌ನ ಕೀಲಿಗಳು. ಲಿನಕ್ಸ್‌ನಲ್ಲಿ ಹಿಂದಿನ ಜಾಗಕ್ಕೆ ಮರಳಲು ಕಂಟ್ರೋಲ್ + ಆಲ್ಟ್ + ಮೈನಸ್ ಒತ್ತಬೇಕಾದ್ದರಿಂದ, ಮನೆಯ ಲಿನಕ್ಸ್ ಕಂಪ್ಯೂಟರ್‌ನಲ್ಲಿಯೂ ಅದೇ ಪಟ್ಟಿಯ ಮೂಲಕ ಆಲ್ಟ್ + ಎಡಬಾಣವನ್ನೇ ಇಟ್ಟುಕೊಂಡಿದ್ದೇನೆ.