ನೇರಳೆ ಹಣ್ಣು ತಿಂದ ನೀಲಿ

ಸೀರೆ ಅಂಗಡಿಯೊಂದರ ಲೋಗೋಗೆ ಗಾಢ ನೀಲಿ ಆರಿಸಿದವನು ನಾನೇ. ಪರದೆಯಲ್ಲಿ ಕಣ್ಣು ಕೋರೈಸುತ್ತಿತ್ತು. ಮಾಲೀಕರು ಮೊಬೈಲಿನಲ್ಲೇ ನೋಡಿ ಒಪ್ಪಿದರು. ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಇಂಕುಗಳ ಆಫ್‌ಸೆಟ್ ಮುದ್ರಣದಲ್ಲಿ ವಿಸಿಟಿಂಗ್ ಕಾರ್ಡ್ ಅಚ್ಚಾಗಿ ಬಂತು ನೋಡಿ, ನೇರಳೆ ಹಣ್ಣು ತಿಂದವರ ನಾಲಿಗೆಯ ಬಣ್ಣ! ಪ್ರೆಸ್ಸಿನವರನ್ನು ಬೈದು ಪ್ರಯೋಜನವಿಲ್ಲ. ತಿಳಿನೀಲಿ ಸಯಾನ್ ಜೊತೆ ಗುಲಾಬಿಗೆಂಪು ಮಜೆಂಟಾ ಜಾಸ್ತಿ ಕೂತರೆ ನೀಲಿ ನೇರಳೆಗೆ ವಾಲುತ್ತದೆ. ಪರದೆಯ ಆ ಹೊಳಪು ಆ ನಾಲ್ಕು ಇಂಕುಗಳಿಗೆ ದಕ್ಕುವಂಥದ್ದಲ್ಲ.

ಆಗ ಪ್ಯಾಂಟೋನ್ ಗೈಡ್ ಕೊಂಡೆ, ಅಂದರೆ ಅಚ್ಚಿನ ಬಣ್ಣಗಳ ಮಾದರಿ ಪುಸ್ತಕ. ದುಬಾರಿಯೇ. ಅಮೆರಿಕದ ಲಾರೆನ್ಸ್ ಹರ್ಬರ್ಟ್ 1963ರಲ್ಲಿ ತಂದ ಪದ್ಧತಿ: ಪ್ರತಿ ಬಣ್ಣಕ್ಕೊಂದು ನಂಬರ್ ಇಲ್ಲವೇ ಹೆಸರು, ಇಂಕು ಬೆರೆಸುವ ಪಾಕ. ನನಗೆ ಬೇಕಿದ್ದ ರಿಫ್ಲೆಕ್ಸ್ ಬ್ಲೂ ಬೆರೆಸುವ ಗೋಜೇ ಇಲ್ಲದ ಮೂಲ ಇಂಕು, ಡಬ್ಬಿಯಿಂದ ನೇರ ಮಷೀನಿಗೆ.

ಮೊದಲ ಹಾಳೆ ನೋಡಿ ಕುಣಿದಾಡುವಂತಾಯಿತು. ಮರುದಿನ ಕಟಿಂಗ್ ಮುಗಿದ ಕಾರ್ಡುಗಳ ಬಿಳಿ ಅಂಚಿನಲ್ಲಿ ಯಾರದೋ ಹೆಬ್ಬೆರಳಿನ ನೀಲಿ ಗುರುತು. "ಇದು ಸೋಮಾರಿ ಇಂಕು ಸಾರ್, ಒಣಗೋಕೆ ಟೈಮ್ ಕೊಡಬೇಕು," ಎಂದರು ಮಷೀನ್ ಮೇಲಿದ್ದ ಹಿರಿಯರು. ಗೈಡಿನಲ್ಲಿ ಇದಿಲ್ಲ. ಮತ್ತೆ ಅಚ್ಚು ಹಾಕಿಸಿ, ಎರಡು ದಿನ ಬಿಟ್ಟು, ಮೇಲೆ ವಾರ್ನಿಶ್ ಹೊಡೆಸಿದೆ.

ಲಕೋಟೆಯದು ಇನ್ನೊಂದು ಕಥೆ. ಅದೇ ಡಬ್ಬಿಯ ಅದೇ ಇಂಕು ನುಣುಪಿಲ್ಲದ ಕಾಗದಕ್ಕೆ ಇಳಿದು ತೊಳೆದ ಬಟ್ಟೆಯಂತೆ ಮಂಕಾಯಿತು. ಗೈಡಿನಲ್ಲಿ ಹೆಸರಿನ ಕೊನೆಗೆ ಸಿ ಎಂದಿದ್ದರೆ ಕೋಟೆಡ್, ಅಂದರೆ ನುಣುಪು ಲೇಪದ ಕಾಗದ, ಯು ಎಂದಿದ್ದರೆ ಅನ್‌ಕೋಟೆಡ್, ಲೇಪವಿಲ್ಲದ್ದು. ನಾನು ಸಿ ಪುಟ ತೋರಿಸಿ ಯು ಕಾಗದ ಕೊಟ್ಟಿದ್ದೆ! ಕೊನೆಗೆ ಯು ಪುಟಗಳಲ್ಲಿ ಕಣ್ಣಿಗೆ ಹತ್ತಿರವೆನಿಸಿದ ಬೇರೆ ನೀಲಿ ಹುಡುಕಿದೆ. ಅದನ್ನೂ ಟ್ಯೂಬ್‌ಲೈಟ್ ಕೆಳಗೆ ಒಪ್ಪಲಿಲ್ಲ, ಬಾಗಿಲ ಬಳಿ ಹಗಲು ಬೆಳಕಿಗೆ ಹಿಡಿದು ನೋಡಿದೆ. ಒಂದೇ ಅನ್ನಿಸುವ ಎರಡು ಬಣ್ಣ ಬೆಳಕು ಬದಲಾದರೆ ಬೇರೆಬೇರೆಯಾಗಿಬಿಡುತ್ತವೆ.

ವೆಬ್‌ಸೈಟಿಗೆ ಪ್ಯಾಂಟೋನ್‌ನವರೇ ಕೊಡುವ ಆರ್‌ಜಿಬಿ ಅಂಕಿಗಳನ್ನು (ಪರದೆಗೆ ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಎಂಬ ಲೆಕ್ಕ) ಹಾಕಿದೆ: 0, 20, 137. ಅಷ್ಟೇ, ನೋಡುವವರ ಫೋನ್ ಹೇಗೆ ತೋರಿಸುತ್ತದೋ ಅವರ ಹಣೆಬರಹ. 2022ರ ಕೊನೆಗೆ ವಿನ್ಯಾಸಕ್ಕೆ ಬಳಸುವ ಅಡೋಬಿ ಸಾಫ್ಟ್‌ವೇರ್‌ಗಳಿಂದ ಪ್ಯಾಂಟೋನ್ ಲೈಬ್ರರಿಗಳು, ಅಂದರೆ ಬಣ್ಣದ ಪಟ್ಟಿಗಳು, ಮಾಯವಾಗಿ ಎಷ್ಟೋ ಜನರ ಫೈಲುಗಳಲ್ಲಿ ಬಣ್ಣವೇ ಕಪ್ಪಾದ ಮೇಲೆ, ನಾನು ಈ ಅಂಕಿಗಳನ್ನು ಪ್ರತಿ ಕೆಲಸಕ್ಕೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಒಪ್ಪಿದ ಹಾಳೆಯ ಒಂದು ತುಂಡನ್ನು ಪಕ್ಕದಲ್ಲೇ ಪಿನ್ ಮಾಡುತ್ತೇನೆ.

ಆ ತುಂಡು ಹಿಡಿದುಕೊಂಡೇ ಅಂಗಡಿಯ ಫ್ಲೆಕ್ಸ್ ಮಾಡಿಸಲು ಹೋದೆ. ಹುಡುಗ ಅದರತ್ತ ತಿರುಗಿಯೂ ನೋಡಲಿಲ್ಲ. "ವಾಟ್ಸಾಪಲ್ಲಿ ಒಂದು ಫೋಟೋ ಕಳಿಸ್ಬಿಡಿ ಸಾರ್, ಮ್ಯಾಚ್ ಮಾಡ್ತೀನಿ."