ಅಕ್ಕಚ್ಚಿನ ಬಕೆಟ್ಟಿನ ತಳದಲ್ಲಿ ಉಳಿಯುವ ಲವಣ

ಹಟ್ಟಿಯಲ್ಲಿ ದನ ಗೋಡೆ ನೆಕ್ಕುತ್ತಿದ್ದರೆ, ಹಗ್ಗ, ಬಟ್ಟೆ, ಪ್ಲಾಸ್ಟಿಕ್ ಜಗಿಯುತ್ತಿದ್ದರೆ ಮೊದಲು ಜಂತುಹುಳದ ಮದ್ದು ಕೊಡಿಸಿ. ಆಮೇಲೂ ನಿಲ್ಲದಿದ್ದರೆ ರಂಜಕದ (ಫಾಸ್ಫರಸ್) ಕೊರತೆ ಇರಬಹುದು. ಉಡುಪಿ, ಮಂಗಳೂರು ಕಡೆಯ ಮುರಕಲ್ಲು ಮಣ್ಣಿನ ಸುಣ್ಣದಂಶವನ್ನು ಮಳೆ ತೊಳೆದೊಯ್ಯುತ್ತದೆ. ರಂಜಕ ಕಬ್ಬಿಣಕ್ಕೆ ಅಂಟಿಕೊಂಡು ಹುಲ್ಲಿನ ಬೇರಿಗೆ ಸಿಗುವುದಿಲ್ಲ. ಬೈಹುಲ್ಲಿನಲ್ಲಿ ರಂಜಕ ತೀರಾ ಕಡಿಮೆ. ಸಾಲದ್ದಕ್ಕೆ ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಇದ್ದ ಕ್ಯಾಲ್ಸಿಯಮ್ಮನ್ನೂ ಕಟ್ಟಿಹಾಕುತ್ತದೆ. ಇತ್ತ ಒಂದು ಲೀಟರ್ ಹಾಲಿನಲ್ಲಿ ಸುಮಾರು 1.2 ಗ್ರಾಂ ಕ್ಯಾಲ್ಸಿಯಂ, 1 ಗ್ರಾಂ ರಂಜಕ ಹೊರಗೆ ಹೋಗುತ್ತಲೇ ಇರುತ್ತದೆ.

ಈ ಕೊರತೆ ತುಂಬಲು ಕೊಡುವುದು ಲವಣ ಮಿಶ್ರಣದ (ಮಿನರಲ್ ಮಿಕ್ಸ್ಚರ್) ಹುಡಿ. ಅದರ ಚೀಲ ಕೊಳ್ಳುವಾಗ ಲೇಬಲ್ ಓದಿ: ಉಪ್ಪಿಲ್ಲದ ಬಗೆಯಲ್ಲಿ ಕ್ಯಾಲ್ಸಿಯಂ 20%, ರಂಜಕ 12% ಇರಬೇಕು. ಚಿಪ್ಪಿನ ಸುಣ್ಣದಲ್ಲಿ, ಸುಣ್ಣಕಲ್ಲಿನ ಹುಡಿಯಲ್ಲಿ ಕ್ಯಾಲ್ಸಿಯಂ ಇದೆ, ರಂಜಕ ಇಲ್ಲವೆನ್ನುವಷ್ಟು ಕಡಿಮೆ. ಅಗ್ಗವೆಂದು ಅದನ್ನೇ ಹಾಕಿದರೆ ಗೋಡೆ ನೆಕ್ಕುವುದು ನಿಲ್ಲದು.

ಲವಣ ಮಿಶ್ರಣ ದಿನಕ್ಕೆ ಕರುವಿಗೆ 20–25 ಗ್ರಾಂ, ಗಡಸಿಗೆ ಮತ್ತು ಹಾಲು ಬತ್ತಿದ ದನಕ್ಕೆ 50, ಕರೆಯುವ ಮಿಶ್ರತಳಿಗೆ 100. ಸಣ್ಣ ಮೈಯ ಮಲೆನಾಡು ಗಿಡ್ಡ ತಳಿಗೆ ಇದರ ಅರ್ಧ ಸಾಕು. ದೊಡ್ಡ ದನಕ್ಕೆ ಇದರ ಜತೆ 30 ಗ್ರಾಂ ಅಡುಗೆ ಉಪ್ಪು. ಕೈಅಂದಾಜು ಬೇಡ, ಒಮ್ಮೆ ತಕ್ಕಡಿಯಲ್ಲಿ ತೂಗಿ ತೆಂಗಿನ ಗೆರಟೆಗೆ ಗುರುತು ಮಾಡಿಟ್ಟುಕೊಳ್ಳಿ.

ತಪ್ಪು ಹೆಚ್ಚು ಆಗುವುದು ಬಕೆಟ್ಟಿನಲ್ಲಿ. ನೀರಾದ ಅಕ್ಕಚ್ಚಿಗೆ ಹುಡಿ ಸುರಿದರೆ ಅದು ಕರಗದೆ ಅಡಿಗಿಳಿಯುತ್ತದೆ, ದನ ಮೇಲಿನ ತಿಳಿ ಹೀರಿ ಮುಖ ತಿರುಗಿಸುತ್ತದೆ. ಬಕೆಟ್ ವಾಲಿಸಿ ನೋಡಿ, ಬೂದು ಗಸಿ ಕಂಡರೆ ನಿಮ್ಮ ದುಡ್ಡು ಅಲ್ಲೇ ಉಳಿದಿದೆ. ಎರಡು ಹಿಡಿ ತೌಡಿಗೆ ನೀರು ಚಿಮುಕಿಸಿ, ಮುದ್ದೆಯಾಗುವಷ್ಟು ಒದ್ದೆ ಮಾಡಿ, ಹುಡಿ ಕಲಸಿ, ಹಾಲು ಕರೆಯುವ ಹೊತ್ತಿಗೆ ಅರ್ಧರ್ಧ ತಿನ್ನಿಸಿ. ರುಚಿ ಹಿಡಿಯದ ದನಕ್ಕೆ ಚಿಟಿಕೆಯಿಂದ ಶುರು ಮಾಡಿ ವಾರದಲ್ಲಿ ಪೂರ್ತಿ ಪ್ರಮಾಣಕ್ಕೆ ತನ್ನಿ. ಆಟಿಯ ಮಳೆಯಲ್ಲಿ ಬಿಚ್ಚಿದ ಚೀಲ ಗಟ್ಟಿ ಕಟ್ಟುತ್ತದೆ. ಬಿಗಿ ಮುಚ್ಚಳದ ಡ್ರಮ್ಮಿಗೆ ಸುರಿದಿಡಿ.

ಕರು ಹಾಕುವ ಮೊದಲಿನ ಮೂರು ವಾರ ಮಾತ್ರ ಲೆಕ್ಕ ತಿರುಗುತ್ತದೆ. ಆಗ ಕ್ಯಾಲ್ಸಿಯಂ ಟಾನಿಕ್ ಕುಡಿಸಿದರೆ ಎಲುಬಿನಿಂದ ಕ್ಯಾಲ್ಸಿಯಂ ಎಳೆದುಕೊಳ್ಳುವ ಮೈಯ ವ್ಯವಸ್ಥೆ ಮಂಕಾಗಿ, ಗಿಣ್ಣು ಇಳಿಯುವಾಗ ರಕ್ತದಲ್ಲಿ ಅದರ ಮಟ್ಟ ಕುಸಿಯುತ್ತದೆ. ಟಾನಿಕ್ ನಿಲ್ಲಿಸಿ, ಲವಣ ಮಿಶ್ರಣ ಎಷ್ಟೆಂದು ಪಶುವೈದ್ಯರನ್ನು ಕೇಳಿ. ಕರು ಹಾಕಿ ಮೂರು ದಿನದೊಳಗೆ ದನ ಮಲಗಿ, ಕಿವಿ ತಣ್ಣಗಾಗಿ, ಕುತ್ತಿಗೆಯನ್ನು ಪಕ್ಕೆಗೆ ಮಡಚಿಕೊಂಡರೆ ಅದು ಹಾಲು ಜ್ವರ. ಬಾಯಿಗೆ ಏನನ್ನೂ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ವೈದ್ಯರು ಬರುವವರೆಗೆ ಎದೆಯ ಮೇಲೆ ಕೂರುವಂತೆ ಬೈಹುಲ್ಲಿನ ಕಟ್ಟು ಒತ್ತುಕೊಡಿ. ವೈದ್ಯರು ಕ್ಯಾಲ್ಸಿಯಂ ಬಾಟಲಿಯನ್ನು ರಕ್ತನಾಳಕ್ಕೆ ನಿಧಾನವಾಗಿಯೇ ಬಿಡಬೇಕು, ಅವರನ್ನು ಅವಸರಪಡಿಸಬೇಡಿ: ವೇಗ ಹೆಚ್ಚಾದರೆ ಹೃದಯ ನಿಲ್ಲಬಹುದು.